ಮನೆಯ ಸರ್ವರ್‌ಗೊಂದು ಪ್ಲಿಂತ್

ಸಿವಿಲ್ ಬ್ರಾಂಚಿನವರಿಗೆ ಪ್ಲಿಂತ್ ಅಂದ್ರೆ ಹೇಳಿಕೊಡಬೇಕಾಗಿಲ್ಲ. ಶರಾವತಿ ಹೊಳೆಯ ನಡುವಿರುವ ನಮ್ಮ ಮಾವಿನಕುರ್ವೆಯಲ್ಲಿ ಮನೆ ಕಟ್ಟುವವರು ಮೊದಲು ನೋಡುವುದೇ ಅದರ ಎತ್ತರವನ್ನು. ಇಲ್ಲಿ ಹೇಳಹೊರಟಿರುವುದು ಇನ್ನೊಂದು ಪ್ಲಿಂತ್ ಬಗ್ಗೆ: ಫ್ರೀಡಂಬಾಕ್ಸ್ ಎಂಬ ಮನೆ ಸರ್ವರನ್ನು ಬ್ರೌಸರ್‌ನಿಂದಲೇ ನಡೆಸುವ ವೆಬ್ ಇಂಟರ್‌ಫೇಸ್‌ನ ಹೆಸರೂ ಅದೇ.

2010ರಲ್ಲಿ ಕಾನೂನು ಪ್ರಾಧ್ಯಾಪಕ ಎಬೆನ್ ಮೊಗ್ಲೆನ್ ನ್ಯೂಯಾರ್ಕಿನ ಒಂದು ಭಾಷಣದಲ್ಲಿ, ನಮ್ಮ ಮಾಹಿತಿ ದೊಡ್ಡ ಕಂಪನಿಗಳ ಸರ್ವರ್ ಬಿಟ್ಟು ನಮ್ಮ ಮನೆಯ ಪುಟ್ಟ ಪೆಟ್ಟಿಗೆಗೆ ಬರಬೇಕು ಎಂದರು. ಫ್ರೀಡಂಬಾಕ್ಸ್ ಹುಟ್ಟಿದ್ದು ಆ ಮಾತಿನಿಂದ. ನಮ್ಮಲ್ಲೂ ಇದು ಹೊರಗಿನ ವಿಚಾರವೇನಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 24 ಆಗಸ್ಟ್ 2017ರಂದು ತೀರ್ಪು ಕೊಟ್ಟ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಶುರು ಮಾಡೋಕೆ ಹೆಚ್ಚೇನೂ ಬೇಡ. ರಾಸ್ಪ್‌ಬೆರಿ ಪೈ ಆಗುತ್ತೆ, ಮೂಲೆಗೆ ಬಿದ್ದ ಲ್ಯಾಪ್‌ಟಾಪ್ ಇನ್ನೂ ಒಳ್ಳೇದು. ಮಳೆಗಾಲದಲ್ಲಿ ಕರೆಂಟು ಹೋದಾಗ ಅದರ ಬ್ಯಾಟರಿಯೇ ಯುಪಿಎಸ್! ಹೊಸದಾಗಿ ಡೆಬಿಯನ್ ಹಾಕಿ, ಫ್ರೀಡಂಬಾಕ್ಸ್ ಎಂಬ ಒಂದೇ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ. ಬೇರೆ ಕೆಲಸಕ್ಕೆ ಬಳಸುತ್ತಿರುವ ಲ್ಯಾಪ್‌ಟಾಪಿಗೆ ಹಾಕಬೇಡಿ, ಇದು ಸಿಸ್ಟಮ್ಮಿನ ಸೆಟ್ಟಿಂಗ್‌ಗಳನ್ನೇ ಬದಲಿಸುತ್ತೆ. ಮೊದಲ ಸಲ ಬ್ರೌಸರಿನಲ್ಲಿ ತೆರೆದಾಗ ಎಚ್ಚರಿಕೆಯ ಪುಟ ಬಂದರೆ ಗಾಬರಿ ಬೇಡ: ಪೆಟ್ಟಿಗೆ ತನ್ನ ಸರ್ಟಿಫಿಕೇಟಿಗೆ ತಾನೇ ಸಹಿ ಹಾಕಿಕೊಂಡಿರುತ್ತೆ, ಅಷ್ಟೇ.

ಪ್ಲಿಂತ್ ಪೈಥಾನ್‌ನಲ್ಲಿ, ಜ್ಯಾಂಗೋ ಬಳಸಿ ಬರೆದದ್ದು. ಕ್ಯಾಲೆಂಡರೋ ಚಾಟ್ ಸರ್ವರೋ ಬೇಕೆಂದು ಬಟನ್ ಒತ್ತಿದರೆ ಪ್ಯಾಕೇಜ್ ಇಳಿಯುತ್ತೆ, ಕಾನ್ಫಿಗರೇಷನ್ ಆಗುತ್ತೆ, ಫೈರ್‌ವಾಲ್‌ನಲ್ಲಿ ಬೇಕಾದ ಪೋರ್ಟ್ ಮಾತ್ರ ತೆರೆಯುತ್ತೆ. ಆದರೆ ವೆಬ್ ಪುಟ ತೋರಿಸುವ ಪ್ರೋಗ್ರಾಮಿಗೆ ರೂಟ್ ಅಧಿಕಾರವಿಲ್ಲ. ರೂಟ್ ಬೇಕಾದ ಕೆಲಸಗಳನ್ನು ಮೊದಲೇ ಗೊತ್ತುಮಾಡಿಟ್ಟ ಬೇರೆ ದಾರಿಯಲ್ಲಿ ಮಾಡಿಸುತ್ತೆ. ಅಂಗಡಿಯ ಹುಡುಗನ ಕೈಗೆ ತಿಜೋರಿಯ ಕೀಲಿ ಕೊಡದೆ, ಬೇಕಾದ್ದನ್ನು ಯಜಮಾನರೇ ತೆಗೆದುಕೊಟ್ಟ ಹಾಗೆ.

ಇದನ್ನೆಲ್ಲ ಮನೆಯಲ್ಲಿ ಹುರುಪಿನಿಂದ ವಿವರಿಸಿ, "ಇನ್ಮೇಲೆ ನಿನ್ನ ಫೋಟೋ ಯಾವ ಕಂಪನಿಗೂ ಸಿಗಲ್ಲ" ಅಂದೆ. ಅಕ್ಕ ಕೇಳಿದಳು: "ನಿಂಗೆ ಸಿಗ್ತದಲ್ಲ?"

ಮಾತು ನಿಂತುಹೋಯಿತು. ನಿಜ, ಅಡ್ಮಿನ್ ನಾನೇ. ಅವಳಿಗೆ ಬೇರೆ ಖಾತೆ ಮಾಡಿಕೊಟ್ಟರೂ, ಹಾಗೇ ಇಟ್ಟ ಫೈಲನ್ನು ರೂಟ್ ಆದವನು ತೆರೆಯಬಹುದು. ಕಂಪನಿಯ ಜಾಗದಲ್ಲಿ ತಮ್ಮ ಕೂತಿದ್ದಾನೆ, ಅಷ್ಟೇ ವ್ಯತ್ಯಾಸ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಫೋನಿನ ಮೇಲೆ ಮೊದಲು ಕಣ್ಣಿಡುವುದು ಮನೆಯವರೇ ಅಲ್ವಾ?

ಉತ್ತರ ಸಿಕ್ಕಿದ್ದು ಸಿಂಕ್‌ಥಿಂಗ್ ಆ್ಯಪ್‌ನಲ್ಲಿ. ಅದರಲ್ಲಿ ಸರ್ವರನ್ನು 'ನಂಬದ ಸಾಧನ' ಎಂದು ಗುರುತಿಸಿ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದರೆ, ಫೈಲು ಹೊರಡುವ ಮೊದಲೇ ಎನ್‌ಕ್ರಿಪ್ಟ್ ಆಗುತ್ತೆ. ಸರ್ವರಿನಲ್ಲಿ ಉಳಿಯುವುದು ಅರ್ಥವಾಗದ ಕಂತೆ. ಆ ಪಾಸ್‌ವರ್ಡನ್ನು ಅಕ್ಕನೇ ಹಾಕಿದಳು, ನಾನು ಕಿಟಕಿ ಕಡೆ ತಿರುಗಿ ಕೂತಿದ್ದೆ. ಅದನ್ನು ಅವಳು ಮರೆತರೆ ಫೋಟೋ ಬಿಡಿಸಿಕೊಡಲು ನನ್ನಿಂದಲೂ ಆಗದು. ಅದನ್ನೂ ಹೇಳಿದೆ. ಎಲ್ಲೋ ಬರೆದಿಟ್ಟುಕೊಂಡಿದ್ದಾಳೆ, ಎಲ್ಲಿ ಅಂತ ನಾನು ಕೇಳಿಲ್ಲ.

ನೀವೂ ಮನೆಯಲ್ಲಿ ಸರ್ವರ್ ಇಡುವುದಾದರೆ ಎರಡು ಮಾತು. ಬ್ಯಾಕಪ್ ಅದೇ ಪೆಟ್ಟಿಗೆಯಲ್ಲಿ ಇಡಬೇಡಿ, ಪ್ಲಿಂತ್‌ನ ಬ್ಯಾಕಪ್ ಪುಟದಿಂದ ಬೇರೆ ಡಿಸ್ಕಿಗೋ ಬೇರೆ ಊರಿನ ಮಷೀನಿಗೋ ಕಳಿಸಬಹುದು. ಮತ್ತೆ, ಅಡ್ಮಿನ್ ಆಗುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ.