ಮೊದಲ ಪ್ರೀತಿಯ ನೆನಪು, ಮದುವೆಯ ಮೊದಲಿನ ಪ್ರಶ್ನೆ

ಮಂಡಿ ಮೊಹಲ್ಲಾದ ನಮ್ಮ ರೂಮಿನಲ್ಲಿ ನಾವು ನಾಲ್ಕು ಜನ. ಮೂವರು ಫೈನಲ್ ಇಯರ್, ಒಬ್ಬ ಸೀನಿಯರ್. ಅವನು ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು, ಆದ್ರೂ ರೂಮು ಬಿಟ್ಟಿಲ್ಲ. ಮೊನ್ನೆ ಅವನಿಗೆ ಮನೆಯಲ್ಲಿ ಹುಡುಗಿ ಗೊತ್ತು ಮಾಡಿದರು. ನಿಶ್ಚಿತಾರ್ಥಕ್ಕೆ ಹದಿನೈದು ದಿನ ಇದೆ ಅನ್ನುವಾಗ, ಒಂದು ರಾತ್ರಿ ಲೈಟ್ ಆರಿಸಿದ ಮೇಲೆ ಕತ್ತಲಲ್ಲೇ ಕೇಳಿದ: "ಲೋ, ಪಿಯುಸಿಯಲ್ಲಿ ನನ್ನ ಕ್ಲಾಸಲ್ಲಿ ಒಬ್ಬಳಿದ್ದಳು ಕಣ್ರೋ. ಏಳೆಂಟು ವರ್ಷ ಆಯ್ತು. ಈಗ ಯಾಕೆ ದಿನಾ ನೆನಪಾಗ್ತಾಳೆ?"

ಮೊದಲು ಕಾಲೆಳೆದೆವು. ಅವನು ನಗಲಿಲ್ಲ. ಹಾಗಾಗಿ ಉತ್ತರ ಹುಡುಕೋಣ ಅಂತ ಕೂತೆವು. ಓದಿದ್ದು, ವಾದ ಮಾಡಿದ್ದು, ಕೊನೆಗೆ ನಮಗೆ ಅರ್ಥವಾಗಿದ್ದು ಇಲ್ಲಿದೆ.

ನೆನಪು ಯಾಕೆ ಹೋಗಲ್ಲ?

ವಯಸ್ಸಾದವರನ್ನು ಕೂರಿಸಿ ಬದುಕಿನ ನೆನಪುಗಳನ್ನು ಹೇಳಿ ಅಂದರೆ, ಸುಮಾರು 10ರಿಂದ 30 ವರ್ಷದೊಳಗಿನ ಸಂಗತಿಗಳನ್ನೇ ಹೆಚ್ಚಾಗಿ ಹೇಳುತ್ತಾರೆ. ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಆ ವಯಸ್ಸಿನಲ್ಲಿ ಎಲ್ಲವೂ ಮೊದಲನೆಯದು: ಮೊದಲ ಹಾಸ್ಟೆಲ್, ಮೊದಲ ಸಂಬಳ, ಮೊದಲ ಪ್ರೀತಿ. 'ನಾನು ಯಾರು' ಅನ್ನೋದು ರೂಪುಗೊಳ್ಳೋದೂ ಆಗಲೇ. ಅಂದರೆ ಆ ಹುಡುಗಿಯ ನೆನಪಿನ ಜೊತೆಗೆ ಹದಿನೇಳು ವರ್ಷದ ಅವನೂ ಇದ್ದಾನೆ.

ಇನ್ನೊಂದು ಕಾರಣ ಅಪೂರ್ಣತೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿರುತ್ತದೆ ಅಂತ 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದರು. ಆಮೇಲಿನ ಪ್ರಯೋಗಗಳಲ್ಲಿ ಅದು ಪ್ರತಿ ಸಲವೂ ನಿಲ್ಲಲಿಲ್ಲ, ಆದ್ದರಿಂದ ಇದನ್ನು ನಿಯಮ ಅನ್ನೋಕಾಗಲ್ಲ. ಆದರೂ ಹೇಳದೇ ಉಳಿದ ಪ್ರೀತಿ ಇರುವವರಿಗೆ ವಿಷಯ ಏನು ಅಂತ ಗೊತ್ತಾಗುತ್ತೆ.

ಇಷ್ಟರಿಂದ ಒಂದು ಎಚ್ಚರಿಕೆ ಸಿಗುತ್ತದೆ. ನೆನಪಾಗುತ್ತಿದೆ ಎಂದ ಮಾತ್ರಕ್ಕೆ ಅದು ಮನಸ್ಸಿನ ಕರೆ ಅಂತಲ್ಲ. ಹಾಗಾದರೆ ಮನಸ್ಸಿನ ಮಾತು ಕೇಳೋದು ಅಂದರೆ ಹೇಗಿರುತ್ತೆ? ಅದಕ್ಕೆ ಉದಾಹರಣೆ ನಮ್ಮ ಮೈಸೂರಿನಲ್ಲೇ ಇದೆ.

ತೇಜಸ್ವಿ ಮತ್ತು ರಾಜೇಶ್ವರಿ

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದದವರು ನಮ್ಮ ಕ್ಲಬ್ಬಿನಲ್ಲಿ ಕಡಿಮೆ. ಆದರೆ ಅವರ ಮದುವೆಯ ಕಥೆ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನ ರಾಜೇಶ್ವರಿ ತತ್ವಶಾಸ್ತ್ರ ಓದಲು ಮೈಸೂರಿಗೆ ಬಂದವರು. ಇಬ್ಬರಿಗೂ ಪರಿಚಯ ಆಗಿದ್ದು ಇಲ್ಲೇ, ಓದುವ ದಿನಗಳಲ್ಲಿ. ಪರಿಚಯವಾದ ತಕ್ಷಣ ಮದುವೆ ಆಗಲಿಲ್ಲ. ವರ್ಷಗಟ್ಟಲೆ ಕಾದರು, ಕಾಗದ ಬರೆದುಕೊಂಡರು. ತೇಜಸ್ವಿ ನೌಕರಿಯ ದಾರಿ ಹಿಡಿಯದೆ ಮೂಡಿಗೆರೆ ಕಡೆ ಕಾಫಿ ತೋಟ ಮಾಡಲು ಹೋದರು. 1966ರಲ್ಲಿ ಅಲ್ಲೇ, ತಮ್ಮ 'ಚಿತ್ರಕೂಟ' ತೋಟದಲ್ಲಿ ಮದುವೆಯಾದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯ ಮಾತೇ ಇಲ್ಲ. ಕುವೆಂಪು ರೂಪಿಸಿದ 'ಮಂತ್ರಮಾಂಗಲ್ಯ' ಪದ್ಧತಿಯ ಮದುವೆ ಅದು. ರಾಜೇಶ್ವರಿಯವರು ಈ ಕಥೆಯನ್ನೆಲ್ಲ ಕಾಗದಗಳ ಸಮೇತ 'ನನ್ನ ತೇಜಸ್ವಿ' ಪುಸ್ತಕದಲ್ಲಿ ಹೇಳಿದ್ದಾರೆ.

ನಮಗೆ ಇಲ್ಲಿ ಹಿಡಿಸಿದ್ದು ಪ್ರೀತಿಗಿಂತ ಹೆಚ್ಚಾಗಿ ಆ ಕಾಯುವಿಕೆ. ಅಷ್ಟು ವರ್ಷದಲ್ಲಿ ಎಲ್ಲಿ ಬದುಕುವುದು, ಏನು ಮಾಡಿ ಬದುಕುವುದು ಅನ್ನೋದೂ ಅವರ ಪ್ರೀತಿಯ ಭಾಗವೇ ಆಗಿತ್ತು. ಬರೀ ನೆನಪಾಗಿದ್ದರೆ ಅದು ಮೂಡಿಗೆರೆಯ ಮಳೆಗೆ ತಡೆಯುತ್ತಿರಲಿಲ್ಲ.

"ಮನೆಯವರು ಒಪ್ಪದಿದ್ದರೆ?"

ಎಲ್ಲರ ಮನೆಯಲ್ಲೂ ಕುವೆಂಪು ಇರಲ್ಲ. ನಮ್ಮ ಮೊಹಲ್ಲಾದಲ್ಲಿ ಅಕ್ಬರ್ ರಸ್ತೆ, ಕಬೀರ್ ರಸ್ತೆ, ಪುಲಿಕೇಶಿ ರಸ್ತೆ ಎಲ್ಲ ಒಂದರ ಪಕ್ಕ ಒಂದು ಇವೆ. ಬೋರ್ಡಿನ ಮೇಲೆ ಹೊಂದಿಕೊಂಡಷ್ಟು ಸುಲಭವಾಗಿ ಲಗ್ನಪತ್ರಿಕೆಯ ಮೇಲೆ ಹೆಸರುಗಳು ಹೊಂದಿಕೊಳ್ಳಲ್ಲ. ಆದ್ದರಿಂದ ಕಾನೂನು ಗೊತ್ತಿರಲಿ.

ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಜಾತಿ, ಧರ್ಮ ಬೇರೆಯಾಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಪ್ರಕಟಿಸುತ್ತಾರೆ, ಆಕ್ಷೇಪಣೆಗೆ 30 ದಿನ ಕಾಲಾವಕಾಶ. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ಆಕ್ಷೇಪಣೆ ಅಂದರೆ ವಯಸ್ಸು, ಈಗಾಗಲೇ ಇರುವ ಸಂಗಾತಿ, ನಿಷಿದ್ಧ ಸಂಬಂಧ, ಮಾನಸಿಕ ಸಾಮರ್ಥ್ಯ, ಇಂಥ ಕಾನೂನಿನ ಕಾರಣಗಳು ಮಾತ್ರ. "ನಮಗೆ ಇಷ್ಟವಿಲ್ಲ" ಅನ್ನೋದು ಆ ಪಟ್ಟಿಯಲ್ಲಿಲ್ಲ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ನೋಡಿ. ಬೆಳಗಾವಿ ಜಿಲ್ಲೆಯ ಉಪನ್ಯಾಸಕಿಯೊಬ್ಬರು ದೆಹಲಿಗೆ ಹೋಗಿ, ಎಂ.ಟೆಕ್. ಓದಿ ಪಾಠ ಮಾಡುತ್ತಿದ್ದವರನ್ನು ಮದುವೆಯಾದರು. ತಂದೆ ಮುರಗೋಡ ಠಾಣೆಯಲ್ಲಿ ಮಗಳು ಕಾಣೆಯಾಗಿದ್ದಾಳೆ ಅಂತ ದೂರು ಕೊಟ್ಟರು. ಸ್ವಂತ ಇಷ್ಟದಿಂದ ಮದುವೆಯಾಗಿದ್ದೇನೆ ಅಂತ ತಿಳಿಸಿದರೂ ಠಾಣೆಗೇ ಬಂದು ಹೇಳಿಕೆ ಕೊಡಬೇಕು ಅನ್ನೋ ಒತ್ತಾಯ ಬಂತು. 2021ರ ಫೆಬ್ರವರಿ 8ರಂದು ಸುಪ್ರೀಂ ಕೋರ್ಟ್ ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ್ದಾಗಲಿ, ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲ ಎಂದಿತು. ಇಂಥ ಪ್ರಕರಣಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಪೊಲೀಸರಿಗೆ ಮಾರ್ಗಸೂಚಿ, ತರಬೇತಿ ಬೇಕು ಅಂತಲೂ ಹೇಳಿತು.

ಆದರೆ ಕೋರ್ಟು ಅಮ್ಮನ ಜೊತೆ ಮಾತಾಡಿಸಿಕೊಡಲ್ಲ. ಆ ಬೆಲೆ ಇದ್ದೇ ಇದೆ. ಅದೂ ನಮ್ಮ ಹುಡುಗರಿಗಿಂತ ನಮ್ಮ ಕ್ಲಾಸಿನ ಹುಡುಗಿಯರಿಗೆ ಹೆಚ್ಚು. ಅದಕ್ಕೇ ಡಿಗ್ರಿ, ಕೆಲಸ, ಕೈಯಲ್ಲಿ ಸ್ವಂತ ದುಡ್ಡು ಮೊದಲು ಬರಲಿ.

ಮೂರನೆಯವರು

ಮೊದಲ ಪ್ರೀತಿಯ ಮಾತು ಬಂದಾಗ ನಾವೆಲ್ಲ ಇಬ್ಬರ ಬಗ್ಗೆಯೇ ಯೋಚಿಸ್ತೀವಿ. ಗೊತ್ತುಮಾಡಿದ ಹುಡುಗಿ ಅಥವಾ ಹುಡುಗ, ಅವರ ತಪ್ಪೇನು? ಮನಸ್ಸಿನ ಮಾತನ್ನು ಮದುವೆಗೆ ಮುಂಚೆ ಕೇಳಿಸಿಕೊಳ್ಳದೆ ಮೂರು ವರ್ಷ ಆದಮೇಲೆ ಕೇಳಿಸಿಕೊಂಡರೆ, ಅದರ ಲೆಕ್ಕ ಕಟ್ಟುವವರು ಅವರು. "ಬೇಡ" ಅನ್ನೋದಿದ್ದರೆ ಛತ್ರ ಬುಕ್ ಆಗುವ ಮುಂಚೆ ಅನ್ನಿ. ಛತ್ರ ಬುಕ್ ಆಗಿದ್ದರೂ ಅನ್ನಿ. ಅಡ್ವಾನ್ಸ್ ಹೋದರೆ ಹೋಗಲಿ.

ನಮ್ಮ ಸೀನಿಯರ್ ಏನು ಮಾಡಿದ ಅಂತ ಕೇಳ್ತೀರಿ. ಪಿಯುಸಿ ಹುಡುಗಿಗೆ ಮೆಸೇಜ್ ಮಾಡಲಿಲ್ಲ. ಒಂದು ಭಾನುವಾರ, ಮನೆಯವರು ಗೊತ್ತುಮಾಡಿದ ಹುಡುಗಿಗೇ ಫೋನ್ ಮಾಡಿದ. ಹತ್ತು ದಿನ ತಲೆ ಕೆಡಿಸಿಕೊಂಡ ಮೇಲೆ ಅವನಿಗೆ ಹೊಳೆದದ್ದು ಇಷ್ಟೇ: ಈ ಮದುವೆ ಬೇಕಾ ಅಂತ ಯಾರೂ ಅವನನ್ನು ಕೇಳಿರಲಿಲ್ಲ. ತಾನೇ ಆರಿಸಿಕೊಂಡ ಒಂದೇ ಒಂದು ಹೆಸರು ಅದು, ಅದಕ್ಕೇ ದಿನಾ ನೆನಪಾಗುತ್ತಿತ್ತು.

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ?" ಅಂತ ಅವಳನ್ನು ಕೇಳಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನೀವೇ ಮೊದಲು" ಅಂದಳಂತೆ.

ನಿಶ್ಚಿತಾರ್ಥ ಎರಡು ತಿಂಗಳು ಮುಂದಕ್ಕೆ ಹೋಗಿದೆ. ಅವರಮ್ಮ ಬೈದದ್ದು ಸ್ಪೀಕರ್ ಹಾಕದೆಯೇ ನಮಗೆಲ್ಲ ಕೇಳಿಸಿತು. ಈಗ ಆ ಇಬ್ಬರೂ ದಿನಾ ರಾತ್ರಿ ಮಾತಾಡ್ತಾರೆ. ಆಗುತ್ತೋ ಇಲ್ಲವೋ, ಅವರೇ ಹೇಳಬೇಕು. ನಮಗಂತೂ ನಿದ್ದೆ ಇಲ್ಲ, ಇಂಟರ್ನಲ್ಸ್ ಬೇರೆ ಹತ್ತಿರ ಬಂತು.