ಮೂವತ್ತೆಂಟು ಅಡಿಯ ಲಾಕು ಹೇಳುವ ಇತಿಹಾಸ

ಲಂಡನ್ ಸಿರಿವಂತರ ತಲೆಯ ಮೇಲಿನ ಹ್ಯಾಟಿಗೂ ಕೆನಡಾದ ನದಿದಂಡೆಯ ಪುಟ್ಟ ನಾಲೆಯೊಂದಕ್ಕೂ ಏನು ಸಂಬಂಧ? ಇನ್ನೂರು ವರ್ಷಗಳ ಹಿಂದೆ ನೇರ ಸಂಬಂಧವೇ ಇತ್ತು. ಬೀವರ್ ಎಂಬ ಪ್ರಾಣಿಯ ಒಳತುಪ್ಪಳದಿಂದ ಮಳೆಗೆ ಜಗ್ಗದ ಫೆಲ್ಟ್ ತಯಾರಾಗುತ್ತಿತ್ತು. ಅದರಿಂದ ಮಾಡಿದ ಹ್ಯಾಟು ಯೂರೋಪಿನಲ್ಲಿ ಪ್ರತಿಷ್ಠೆಯ ಗುರುತು. ಆ ತುಪ್ಪಳಕ್ಕಾಗಿಯೇ ವ್ಯಾಪಾರಿಗಳು ಉತ್ತರ ಅಮೆರಿಕದ ಕಾಡಿನ ಒಳಗೊಳಗೆ ನುಗ್ಗಿದರು.

ಮಾಂಟ್ರಿಯಲ್ ನಗರದ ವರ್ತಕರು ಕಟ್ಟಿದ ನಾರ್ತ್ ವೆಸ್ಟ್ ಕಂಪನಿಯ ಸರಕು ಸಾಗುತ್ತಿದ್ದುದು ಬರ್ಚ್ ಮರದ ತೊಗಟೆಯ ದೋಣಿಗಳಲ್ಲಿ. ನದಿ, ಸರೋವರಗಳೇ ಅವರ ಹೆದ್ದಾರಿ. ಈ ದಾರಿಯಲ್ಲಿ ಹ್ಯೂರನ್ ಸರೋವರದಿಂದ ಸುಪೀರಿಯರ್ ಸರೋವರಕ್ಕೆ ಹೋಗಬೇಕಾದರೆ ಸೇಂಟ್ ಮೇರೀಸ್ ನದಿಯನ್ನು ಏರಬೇಕು. ಅಲ್ಲಿ ನದಿ ಸುಮಾರು 21 ಅಡಿ ಇಳಿಯುತ್ತದೆ. ಬಂಡೆಗಳ ನಡುವೆ ಭೋರ್ಗರೆಯುತ್ತದೆ. ದೋಣಿ ಬರಿದುಮಾಡಿ, ತಲಾ 90 ಪೌಂಡಿನ ಮೂಟೆಗಳನ್ನು ಆಳುಗಳ ಬೆನ್ನ ಮೇಲೆ ಹೊರಿಸಿ ದಡದಲ್ಲಿ ಸಾಗಿಸಬೇಕಾಗಿತ್ತು. ಒಬ್ಬೊಬ್ಬ ಒಮ್ಮೆಗೆ ಎರಡೆರಡು ಮೂಟೆ ಹೊರುವುದು ವಾಡಿಕೆ.

ಈ ಕಷ್ಟಕ್ಕೆ ಪರಿಹಾರವಾಗಿ ಕಂಪನಿಯು 1790ರ ದಶಕದ ಕೊನೆಯಲ್ಲಿ ಉತ್ತರ ದಂಡೆಯಲ್ಲಿ, ಇಂದಿನ ಸೂ ಸೇಂಟ್ ಮರೀ ಊರಿನಲ್ಲಿ, ನಾಲೆ ತೋಡಿ ಲಾಕು ಕಟ್ಟಿತು. ಲಾಕು ಎಂದರೆ ಎರಡು ತುದಿಗಳಲ್ಲೂ ಬಾಗಿಲುಳ್ಳ ನೀರಿನ ತೊಟ್ಟಿ. ದೋಣಿ ಕೆಳಗಿನಿಂದ ಒಳಗೆ ಬರುತ್ತದೆ, ಕೆಳಬಾಗಿಲು ಮುಚ್ಚುತ್ತದೆ. ಮೇಲಿನಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ, ಜೊತೆಗೆ ದೋಣಿಯೂ. ಆಗ ಮೇಲ್ಬಾಗಿಲು ತೆರೆದರೆ ಪಯಣ ಮುಂದುವರಿಯುತ್ತದೆ. ಇಳಿಯುವಾಗ ಇದೇ ಕ್ರಮ ತಿರುವುಮುರುವು.

1802ರಲ್ಲಿ ಇದನ್ನು ಕಂಡ ಬ್ರಿಟಿಷ್ ಸೇನಾ ಇಂಜಿನಿಯರ್ ಬ್ರುಯೇರ್ ತನ್ನ ವರದಿಯಲ್ಲಿ ಅಳತೆಗಳನ್ನು ದಾಖಲಿಸಿದ್ದಾನೆ. ಲಾಕಿನ ಉದ್ದ 38 ಅಡಿ, ಅಗಲ 8 ಅಡಿ 9 ಅಂಗುಲ. ಅದರೊಳಗೆ ನೀರು ಏರುತ್ತಿದ್ದುದು 9 ಅಡಿ. ಕೆಳಬಾಗಿಲನ್ನು ರಾಟೆಯಿಂದ ಎತ್ತಿ ಇಳಿಸುತ್ತಿದ್ದರು. ಜೌಗು ನೆಲದ ಮೇಲೆ ಮರದ ದೋಣಿಕಾಲುವೆ ಹಾಸಿ ಲಾಕಿಗೆ ನೀರು ಹಾಯಿಸಿದ್ದರು. ಪಕ್ಕದಲ್ಲೇ ಎತ್ತುಗಳು ನಡೆಯಲು ಹಲಗೆಯ ದಾರಿ.

ಕಂಪನಿಯ ದೊಡ್ಡ ದೋಣಿಗಳ ಉದ್ದ ಸುಮಾರು 36 ಅಡಿ, ಅಗಲ ಸುಮಾರು 6 ಅಡಿ. ಲಾಕಿನ ಅಳತೆ ಅದಕ್ಕೆ ಹೊಂದುವಂತಿದೆ. ಒಂದು ಇಡೀ ವ್ಯಾಪಾರದ ಸ್ವರೂಪವೇ ಈ ಅಳತೆಯಲ್ಲಿ ಅಡಗಿದೆ. ಇದು ಲಾಕಿನ ಮೊದಲ ಮೌಲ್ಯ.

ಆದರೆ ಅದರ ಆಯಸ್ಸು ಹೆಚ್ಚಿರಲಿಲ್ಲ. ಅಮೆರಿಕ ಮತ್ತು ಬ್ರಿಟನ್ ನಡುವಿನ ಯುದ್ಧದಲ್ಲಿ ಕಂಪನಿ ಬ್ರಿಟಿಷರ ಪಕ್ಷ ವಹಿಸಿತ್ತು. 1814ರ ಜುಲೈಯಲ್ಲಿ ಅಮೆರಿಕದ ಪಡೆ ಬಂದು ಕಂಪನಿಯ ಉಗ್ರಾಣಗಳನ್ನು ಸುಟ್ಟಿತು, ಲಾಕನ್ನೂ ಹಾಳುಗೆಡವಿತು. 1821ರಲ್ಲಿ ಕಂಪನಿಯೇ ತನ್ನ ಪ್ರತಿಸ್ಪರ್ಧಿ ಹಡ್ಸನ್ಸ್ ಬೇ ಕಂಪನಿಯಲ್ಲಿ ಲೀನವಾಯಿತು. ಮುಂದೆ ರೇಷ್ಮೆ ಹ್ಯಾಟು ಬಂದು ಬೀವರ್ ಹ್ಯಾಟಿನ ಕಾಲವೂ ಮುಗಿಯಿತು.

1889ರಲ್ಲಿ ಲಾಕಿನ ಅವಶೇಷಗಳು ಮತ್ತೆ ಕಣ್ಣಿಗೆ ಬಿದ್ದವು. ಅಲ್ಲಿ ಕಾಗದದ ತಿರುಳಿನ ಕಾರ್ಖಾನೆ ಸ್ಥಾಪಿಸಿದ ಉದ್ಯಮಿ ಫ್ರಾನ್ಸಿಸ್ ಕ್ಲರ್ಗ್ 1890ರ ದಶಕದಲ್ಲಿ ಅದೇ ಸ್ಥಳದಲ್ಲಿ ಲಾಕನ್ನು ಕಲ್ಲಿನಿಂದ ಮರಳಿ ಕಟ್ಟಿಸಿದ. ಜನ ನೋಡುವುದು ಈ ಮರುನಿರ್ಮಾಣವನ್ನೇ.

ಹಾಗಾದರೆ ಇದನ್ನು ಪರಂಪರೆ ಎನ್ನಬಹುದೆ? ಪ್ರಶ್ನೆ ಸಣ್ಣದಲ್ಲ. ಸ್ಮಾರಕ ರಕ್ಷಣೆಯ ಬಗ್ಗೆ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಉತ್ಖನನದ ತಾಣಗಳಲ್ಲಿ ಮರುನಿರ್ಮಾಣವನ್ನು ಒಪ್ಪುವುದಿಲ್ಲ. 1994ರ ನಾರಾ ದಸ್ತಾವೇಜು ಮಾತ್ರ ನೈಜತೆಯನ್ನು ಬರಿಯ ಕಲ್ಲು–ಮರದಲ್ಲಿ ಹುಡುಕಬಾರದು. ಸ್ಥಳ, ಬಳಕೆ, ಸಂಪ್ರದಾಯಗಳಲ್ಲೂ ನೋಡಬೇಕು ಎಂದಿತು. ಈ ಲಾಕಿನ ಕಲ್ಲು ಮೂಲದ್ದಲ್ಲ; ಸ್ಥಳ ಮೂಲದ್ದು. ಮರುನಿರ್ಮಾಣಕ್ಕೂ ಈಗ ಶತಮಾನ ದಾಟಿದೆ. ಕಾರ್ಖಾನೆಯ ಧಣಿಯೊಬ್ಬ ತನಗಿಂತ ಹಿಂದಿನ ಸಾಹಸಿಗಳನ್ನು ಹೇಗೆ ಸ್ಮರಿಸಿದ ಎಂಬುದಕ್ಕೆ ಅದೇ ಸಾಕ್ಷಿ. ಯಾವುದು ಹಳೆಯದು, ಯಾವುದು ಹೊಸದು ಎಂದು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು, ಅಷ್ಟೆ. ಇಲ್ಲದಿದ್ದರೆ ನಕಲೇ ಇತಿಹಾಸವಾಗಿಬಿಡುತ್ತದೆ.

ಹೇಳಬೇಕಾದ ಇನ್ನೊಂದು ಮಾತಿದೆ. ಕಂಪನಿ ಬರುವುದಕ್ಕೆ ಬಹಳ ಮೊದಲೇ ಈ ಜಾಗ ಒಜಿಬ್ವೆ ಜನರದಾಗಿತ್ತು. ಅವರು ಇದನ್ನು ಕರೆದದ್ದು ಬಾವಟಿಂಗ್, ಅಂದರೆ ನೀರು ಭೋರ್ಗರೆಯುವ ತಾಣ ಎಂದು. ಸೆಳವಿನಲ್ಲಿ ದೋಣಿ ನಿಲ್ಲಿಸಿ ಮೀನು ಹಿಡಿಯುವ ಕಲೆ ಅವರದು. ತೊಗಟೆಯ ದೋಣಿಯೂ ಮೂಲನಿವಾಸಿಗಳ ಕೊಡುಗೆಯೇ. ಅವರ ಜ್ಞಾನವಿಲ್ಲದೆ ಆ ವ್ಯಾಪಾರ ನಡೆಯುತ್ತಿರಲಿಲ್ಲ. ಕಂಪನಿಯ ಹೆಸರಷ್ಟೇ ಉಳಿದು ಇವರು ಮರೆಯಾದರೆ ಸ್ಮಾರಕ ಅರ್ಧಸತ್ಯ ಹೇಳಿದಂತೆ.

1895ರಲ್ಲಿ ಇದೇ ದಂಡೆಯಲ್ಲಿ ಕೆನಡಾ ಸರ್ಕಾರ 900 ಅಡಿ ಉದ್ದದ, ವಿದ್ಯುತ್ತಿನಿಂದ ನಡೆಯುವ ಲಾಕನ್ನು ತೆರೆಯಿತು. ಆಗ ಅದು ಜಗತ್ತಿನಲ್ಲೇ ಅತ್ಯಂತ ಉದ್ದದ್ದು. ತೊಗಟೆಯ ದೋಣಿಯಿಂದ ಉಗಿಹಡಗಿನವರೆಗೆ ಒಂದು ನಾಡು ನಡೆದ ದೂರ ತಿಳಿಯಬೇಕಾದರೆ 900 ಅಡಿಯ ಪಕ್ಕದಲ್ಲಿ ಈ 38 ಅಡಿಯೂ ಇರಲೇಬೇಕು.