ಹತ್ತಡಿ ಕೋಣೆಯಲ್ಲೊಂದು ಗರಡಿ

ಬೆಂಗಳೂರಿನ ಹೊರವಲಯದ ಯಾವ ಹೊಸ ಅಪಾರ್ಟ್‌ಮೆಂಟಿಗೆ ಹೋದರೂ ಭಾನುವಾರ ಈ ದೃಶ್ಯ ಕಾಣಸಿಗುತ್ತದೆ. ಮನೆ ನೋಡಲು ಬಂದ ದಂಪತಿ ಹಾಲ್ ದಾಟಿ, ಅಡುಗೆಮನೆಯ ನಲ್ಲಿ ತಿರುಗಿಸಿ, ಎರಡು ಬೆಡ್‌ರೂಮು ಮುಗಿಸಿ ಮೂರನೆಯದರ ಬಾಗಿಲಲ್ಲಿ ನಿಲ್ಲುತ್ತಾರೆ. ಹತ್ತಡಿ ಉದ್ದ, ಹತ್ತಡಿ ಅಗಲ. ಮಂಚ, ಬೀರು ಎರಡೂ ಹಾಕಿದರೆ ಕಾಲಾಡಿಸಲು ಜಾಗವಿಲ್ಲ. ‘ಇದನ್ನ ಜಿಮ್ ಮಾಡ್ಕೊಳ್ಳಿ ಸರ್, ಈಗ ಎಲ್ಲರೂ ಹಾಗೇ ಮಾಡೋದು’ ಅನ್ನುತ್ತಾನೆ ಬ್ರೋಕರ್. ಗಂಡ ಹೊಟ್ಟೆ ಒಳಗೆಳೆದುಕೊಂಡು ತಲೆಯಾಡಿಸುತ್ತಾನೆ. ಹೆಂಡತಿಗೆ ಮಾತ್ರ ಈಗಿರುವ ಬಾಡಿಗೆ ಮನೆಯ ಟ್ರೆಡ್‌ಮಿಲ್ ನೆನಪಾಗುತ್ತದೆ. ಅದರ ಹಿಡಿಕೆಯ ಮೇಲೆ ಒಣಗುತ್ತಿರುವ ಟವೆಲ್ಲುಗಳೂ.

ಟ್ರೆಡ್‌ಮಿಲ್ ಬಟ್ಟೆ ಒಣಹಾಕುವ ಸ್ಟ್ಯಾಂಡಾಗುವುದರಲ್ಲಿ ಸೋಮಾರಿತನದ ಪಾಲಿದೆ, ನಿಜ. ಆದರೆ ಕೋಣೆಯ ಸೆಕೆ, ಕೆಳಮನೆಯವರ ದೂರು, ತಲೆಗೆ ತಾಗುವಂತಿರುವ ಫ್ಯಾನು, ಇವುಗಳ ಪಾಲೂ ಸಣ್ಣದೇನಲ್ಲ. ಡಂಬೆಲ್ಲನ್ನು ಯಾವಾಗ ಬೇಕಾದರೂ ಬದಲಿಸಬಹುದು. ಕಿಟಕಿಯ ದಿಕ್ಕು, ಸೂರಿನ ಎತ್ತರ, ನೆಲದ ಕೆಳಗೆ ಯಾರ ಮಲಗುವ ಕೋಣೆಯಿದೆ ಎನ್ನುವುದು, ಇವೆಲ್ಲ ಮನೆಗೆ ಮುಂಗಡ ಕೊಟ್ಟ ದಿನವೇ ತೀರ್ಮಾನವಾಗಿಬಿಟ್ಟಿರುತ್ತವೆ.

ಮಟ್ಟಿಯ ಲೆಕ್ಕ

ಸಾಮು ಮಾಡುವುದಕ್ಕೆಂದೇ ಕಟ್ಟಡ ಕಟ್ಟುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಇವತ್ತಿಗೂ ಗರಡಿಮನೆಗಳಿವೆ. ಬಗ್ಗಿ ಒಳಹೋಗಬೇಕಾದ ಗಿಡ್ಡ ಬಾಗಿಲು, ಗೋಡೆಗೆ ಒರಗಿಸಿದ ಗದೆ, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ, ಅಗೆದು, ಸಡಿಲ ಮಾಡಿ ಹದದಲ್ಲಿಡುವುದು ಪೈಲ್ವಾನರ ನಿತ್ಯದ ಕೆಲಸ. ಈ ಹದದಲ್ಲಿ ಸೊಗಸಾದ ಭೌತವಿಜ್ಞಾನ ಅಡಗಿದೆ.

ಹತ್ತು ಕಿಲೋ ಡಂಬೆಲ್ ಒಂದು ಮೀಟರ್ ಎತ್ತರದಿಂದ, ಅಂದರೆ ಸೊಂಟದ ಮಟ್ಟದಿಂದ, ಕೈಜಾರಿತೆನ್ನಿ. ಅದು ಬೀಳುವಾಗ ಗಳಿಸಿದ ಶಕ್ತಿಯನ್ನೆಲ್ಲ ನೆಲ ಹೀರಿಕೊಳ್ಳಬೇಕು. ಎಷ್ಟು ದೂರದಲ್ಲಿ ಅದು ನಿಲ್ಲುತ್ತದೆ ಎಂಬುದರ ಮೇಲೆ ಪೆಟ್ಟಿನ ಜೋರು ನಿಂತಿದೆ. ಗಟ್ಟಿ ಟೈಲಿನ ಮೇಲೆ ಎರಡು ಮಿಲಿಮೀಟರಿನಲ್ಲಿ ನಿಂತರೆ, ಬಿದ್ದ ದೂರ ನಿಂತ ದೂರದ 500 ಪಟ್ಟು. ಹಾಗಾಗಿ ಪೆಟ್ಟೂ ಡಂಬೆಲ್ಲಿನ ತೂಕದ ಸುಮಾರು 500 ಪಟ್ಟು. ಕ್ಷಣಮಾತ್ರಕ್ಕೆ ಆ ಜಾಗದ ಮೇಲೆ ಐದು ಟನ್ ಕೂತಂತೆ. ದಪ್ಪ ರಬ್ಬರ್ ಮ್ಯಾಟಿನಲ್ಲಿ ಅದು ಒಂದು ಸೆಂಟಿಮೀಟರಿನಷ್ಟು ಹೂತು ನಿಂತರೆ ಪೆಟ್ಟು ಒಂದು ಟನ್ನಿಗೆ ಇಳಿಯುತ್ತದೆ. ಮಟ್ಟಿಯ ಸಡಿಲ ಮಣ್ಣಿನಲ್ಲಿ ಐದು ಸೆಂಟಿಮೀಟರ್ ಇಳಿದರೆ? ಬರೀ 200 ಕಿಲೋ. ಎತ್ತಿ ಒಗೆಸಿಕೊಂಡ ಪೈಲ್ವಾನ ಮೈಕೊಡವಿಕೊಂಡು ಏಳುವುದರ ಗುಟ್ಟು ಇದೇ.

ಫ್ಲ್ಯಾಟಿನ ಮೂರನೇ ಕೋಣೆಗೆ ಮಣ್ಣು ತುಂಬಿಸಲಾಗದು. ರಬ್ಬರ್ ಹಾಸಬಹುದು. ಅದಕ್ಕೂ ಮುನ್ನ ಒಂದು ನಾಣ್ಯ ಹಿಡಿದು ಟೈಲುಗಳನ್ನು ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟ್ ಪೂರ್ತಿ ಕೂತಿಲ್ಲವೆಂದು ಅರ್ಥ. ಅಂಥ ಟೈಲು ಮೊದಲ ಪೆಟ್ಟಿಗೇ ಬಿರಿಯುತ್ತದೆ.

ಕಟ್ಟಡ ಕುಣಿದ ದಿನ

ಇಷ್ಟು ಕೇಳಿದವರಿಗೆ ಟ್ರೆಡ್‌ಮಿಲ್ ಇಟ್ಟರೆ ನೆಲವೇ ಕುಸಿದೀತೇ ಎಂಬ ದಿಗಿಲು ಸಹಜ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡಬೇಕು. ಸಾರ್ವಜನಿಕ ಜಿಮ್ಮಿನಂಥ ಜಾಗಕ್ಕೆ ಕನಿಷ್ಠ ಇದರ ಎರಡು ಪಟ್ಟು. ಆರಡಿ ಉದ್ದ, ಮೂರಡಿ ಅಗಲದ ಟ್ರೆಡ್‌ಮಿಲ್ ಒಂದೂಮುಕ್ಕಾಲು ಚದರ ಮೀಟರಿಗೆ ತುಸು ಕಡಿಮೆ ಜಾಗ ಹಿಡಿಯುತ್ತದೆ. ಯಂತ್ರದ 100 ಕಿಲೋ, ಮನುಷ್ಯನ 75 ಕಿಲೋ ಸೇರಿದರೂ ಅಷ್ಟು ಜಾಗ ಹೊರಬಲ್ಲ ಭಾರದ ಅರ್ಧದ ಆಸುಪಾಸು. ಸುಮ್ಮನೆ ನಿಂತ ತೂಕದ ಬಗ್ಗೆ ಹೆದರಬೇಕಿಲ್ಲ. ಯೋಚಿಸಬೇಕಾದದ್ದು ಕುಣಿಯುವ ತೂಕದ ಬಗ್ಗೆ.

2011ರ ಜುಲೈ 5ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ‘ಟೆಕ್ನೋಮಾರ್ಟ್’ ಎಂಬ 39 ಅಂತಸ್ತಿನ ಕಟ್ಟಡ ಸುಮಾರು ಹತ್ತು ನಿಮಿಷ ಅಲುಗಾಡಿತು. ಭೂಕಂಪವೆಂದು ಹೆದರಿ ನೂರಾರು ಜನ ಹೊರಗೋಡಿದರು. ಭೂಕಂಪ ಆಗಿರಲಿಲ್ಲ. ತಜ್ಞರು ಹುಡುಕುತ್ತ ಹೋಗಿ ತಲುಪಿದ್ದು 12ನೇ ಮಹಡಿಯ ಜಿಮ್ಮಿಗೆ. ಅಲ್ಲಿ 17 ಮಂದಿ ‘ಟೇ ಬೋ’ ಎಂಬ ಕಸರತ್ತನ್ನು ಜೋರು ಸಂಗೀತಕ್ಕೆ ತಾಳ ಹಾಕಿ ಒಟ್ಟಿಗೆ ಮಾಡಿದ್ದರು. ಅವರ ಹೆಜ್ಜೆಯ ಲಯ ಕಟ್ಟಡದ ಸಹಜ ಕಂಪನದ ಲಯಕ್ಕೆ ಕೂಡಿಬಂದಿತ್ತು. ಜೋಕಾಲಿಯನ್ನು ಸರಿಯಾದ ಗಳಿಗೆಗೆ ತುಸುವೇ ತಳ್ಳುತ್ತ ಹೋದರೆ ಅದು ಎತ್ತರಕ್ಕೇರುತ್ತದಲ್ಲ, ಹಾಗೆ. ಅದೇ ಕಸರತ್ತನ್ನು ಮತ್ತೆ ಮಾಡಿಸಿದಾಗ ಕಟ್ಟಡ ಮತ್ತೆ ನಡುಗಿತು.

ಮನೆಯಲ್ಲಿ ಓಡುವವರು ಒಬ್ಬರೇ. ಹೆಜ್ಜೆಯ ಲಯ ಸೆಕೆಂಡಿಗೆ ಎರಡೂವರೆಯಿಂದ ಮೂರು. ಪ್ರತಿ ಹೆಜ್ಜೆಗೂ ನೆಲಕ್ಕೆ ಬೀಳುವ ಗರಿಷ್ಠ ಪೆಟ್ಟು ದೇಹತೂಕದ ಎರಡೂವರೆ ಪಟ್ಟಿನಷ್ಟು. ಸುತ್ತ ತೊಲೆಯಿರುವ ಚಿಕ್ಕ ಕೋಣೆಯ ಕಾಂಕ್ರೀಟ್ ಹಾಸು ಬಿಗಿಯಾದದ್ದು. ಅದರ ಸಹಜ ಕಂಪನ ಈ ಲಯಕ್ಕಿಂತ ಬಹಳ ಚುರುಕು. ಉದ್ದನೆಯ ಹಾಲ್ ಅಷ್ಟು ಬಿಗಿಯಿಲ್ಲ. ಒಂದೇ ಬದಿಯ ಆಧಾರದಲ್ಲಿ ಹೊರಚಾಚಿದ ಬಾಲ್ಕನಿಯಂತೂ ಸುಲಭವಾಗಿ ತೂಗುತ್ತದೆ. ಹೊರಗಿನ ನೋಟ ಚೆನ್ನಾಗಿದೆಯೆಂದು ಟ್ರೆಡ್‌ಮಿಲ್ಲನ್ನು ಅಲ್ಲಿಡುವುದು ತಪ್ಪು ಆಯ್ಕೆ. ಕೋಣೆಯೊಳಗೂ ನಟ್ಟನಡುವಿಗಿಂತ ತೊಲೆಯಿರುವ ಗೋಡೆಯ ಪಕ್ಕವೇ ವಾಸಿ.

ಕಟ್ಟಡಕ್ಕೆ ತೊಂದರೆಯಿಲ್ಲದಿದ್ದರೂ ಕೆಳಮನೆಯವರಿಗೆ ಇದ್ದೇ ಇದೆ. ಆರಿಂಚಿನ ಕಾಂಕ್ರೀಟು ಮಾತನ್ನು ಚೆನ್ನಾಗಿಯೇ ತಡೆಯುತ್ತದೆ. ಗಾಳಿಯಲ್ಲಿ ಬಂದ ಸದ್ದಿಗೆ ಅಷ್ಟು ಭಾರದ ಹಾಸನ್ನು ಅಲುಗಿಸುವ ಕಸುವಿಲ್ಲ. ನೇರವಾಗಿ ಬಿದ್ದ ಪೆಟ್ಟಿನ ಕತೆ ಬೇರೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಸದ್ದು ಕಾಂಕ್ರೀಟಿನಲ್ಲಿ 3,000 ಮೀಟರ್ ದಾಟುತ್ತದೆ. ಹಾಸು, ಕಂಬ, ಗೋಡೆ ಹಿಡಿದು ಎರಡು ಮಹಡಿ ಆಚೆಯ ಮಂಚದ ತಲೆದಿಂಬಿನ ತನಕ ಅದು ಹೋಗಬಲ್ಲದು. ಬೆಳಗಿನ ಐದೂವರೆಗೆ ಮೇಲಿನವರು ಏನು ಕುಟ್ಟುತ್ತಿದ್ದಾರೆ ಎಂಬ ಪ್ರಶ್ನೆ ಹುಟ್ಟುವುದು ಹೀಗೆ. ಬೆಂಗಳೂರಿನ ಬಹುತೇಕ ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕೊಂದು ಸುಲಭ ಉತ್ತರ ಕಾದಿದೆ. ನೆಲಮಟ್ಟದ ಪಾರ್ಕಿಂಗಿನ ಮೇಲೆಯೇ ಇರುವ ಮೊದಲ ಮಹಡಿಯ ಮನೆಗಳಿಗೆ ಕೆಳಗೆ ನಿದ್ದೆ ಮಾಡುವವರಿಲ್ಲ, ನಿಂತ ಕಾರುಗಳಷ್ಟೆ. ಸ್ವಂತ ನಿವೇಶನದಲ್ಲಿ ಮನೆ ಕಟ್ಟುವವರಿಗೆ, ಮಣ್ಣಿನ ಮೇಲೆ ನೇರ ಕೂತ ನೆಲಮಹಡಿಗಿಂತ ಒಳ್ಳೆಯ ಜಾಗ ಬೇರಿಲ್ಲ.

ಉಸಿರು, ಬೆವರು, ಬಿಸಿಲು

ಗಾಳಿಯ ವಿಷಯದಲ್ಲಿ ಮಾತ್ರ ಗರಡಿಯನ್ನು ಅನುಕರಿಸಬೇಕಿಲ್ಲ. ಅವುಗಳ ಕಿಟಕಿಗಳು ಗೂಡಿನಷ್ಟೇ.

ಬಾಗಿಲು, ಕಿಟಕಿ ಮುಚ್ಚಿ ವ್ಯಾಯಾಮ ಮಾಡಿದರೆ ಆಮ್ಲಜನಕ ಮುಗಿದು ಉಸಿರು ಕಟ್ಟುತ್ತದೆ ಎಂಬ ನಂಬಿಕೆಯಿದೆ. ಲೆಕ್ಕ ಹಾಕಿದರೆ ಸಂಗತಿ ಬೇರೆ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿಯಿರುತ್ತದೆ. ಅದರಲ್ಲಿ ಆಮ್ಲಜನಕವೇ 5,900 ಲೀಟರ್. 70 ಕಿಲೋ ತೂಕದವರು ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ಓಡಿದರೆ ಬಳಸುವುದು 60 ಲೀಟರಿನ ಆಸುಪಾಸು, ಅಂದರೆ ನೂರರಲ್ಲೊಂದು ಪಾಲು. ಅದೇ ಹೊತ್ತಿಗೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ 50 ಲೀಟರಿಗೂ ಹೆಚ್ಚು. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ 420ರಷ್ಟಿರುವ ಈ ಅನಿಲ ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಗೆ 2,300ರ ಹತ್ತಿರ ಬರುತ್ತದೆ. ಪ್ರಾಣಾಪಾಯವೇನೂ ಇಲ್ಲ, ಕೋಣೆ ಕವುಚಿದಂತಾಗಿ ತಲೆ ಭಾರವೆನ್ನಿಸಬಹುದು. ಎಸಿ ಹಾಕಿದರೆ ಸರಿಹೋಗುತ್ತದೆಯೇ? ಮನೆಗಳಲ್ಲಿ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುತಿರುಗಿ ತಂಪು ಮಾಡುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಎದುರುಬದುರು ಎರಡು ಕಿಂಡಿ ಬೇಕು: ಒಂದು ಕಿಟಕಿ, ಇನ್ನೊಂದು ಬಾಗಿಲಾದರೂ ಸರಿ.

ಸೆಕೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಆ ವೇಗದಲ್ಲಿ ಓಡುವ ದೇಹ ಖರ್ಚು ಮಾಡುವ ಶಕ್ತಿ ಸುಮಾರು 650 ವ್ಯಾಟ್. ಅದರಲ್ಲಿ ಬಹುಪಾಲು ಶಾಖವಾಗಿಯೇ ಹೊರಬೀಳುತ್ತದೆ; ಕೋಣೆಯಲ್ಲಿ ಒಂದು ಚಿಕ್ಕ ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟಂತೆ. ಬೆವರು ಆರಿದರಷ್ಟೇ ಮೈಗೆ ತಂಪು. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖ ಒಯ್ಯುತ್ತದೆ. ಈ ಲೆಕ್ಕದಲ್ಲಿ ಅರ್ಧ ಗಂಟೆಗೆ 300 ಗ್ರಾಮಿಗೂ ಹೆಚ್ಚು ಬೆವರು ಆರಬೇಕು.

ಮಂಗಳೂರಿನ ಮಳೆಗಾಲ ಊಹಿಸಿಕೊಳ್ಳಿ: 28 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 80. ಆ ಉಷ್ಣತೆಯಲ್ಲಿ ನಮ್ಮ ಕೋಣೆಯ ಗಾಳಿ ಹೆಚ್ಚೆಂದರೆ 770 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 600ಕ್ಕೂ ಹೆಚ್ಚು ಗ್ರಾಂ ಆಗಲೇ ಅದರಲ್ಲಿದೆ. ಉಳಿದ 150 ಗ್ರಾಮಿನ ಜಾಗದಲ್ಲಿ 300 ಗ್ರಾಂ ಬೆವರು ಹೋಗುವುದೆಲ್ಲಿಗೆ? ಮೈಮೇಲೆಯೇ ನಿಂತು, ತಂಪು ಕೊಡದೆ, ಮ್ಯಾಟಿನ ಮೇಲೆ ತೊಟ್ಟಿಕ್ಕುತ್ತದೆ. ಆಮೇಲೆ ಅದೇ ತೇವ ಗೋಡೆಯ ಮೂಲೆಯಲ್ಲಿ ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. ಕರಾವಳಿಯವರಿಗೆ ಕಿಟಕಿಯ ಜೊತೆ ಎಕ್ಸಾಸ್ಟ್ ಫ್ಯಾನೂ ಬೇಕು.

ರಾಯಚೂರು, ಕಲಬುರಗಿಯಲ್ಲಿ ಬೆವರು ಬೇಗ ಆರುತ್ತದೆ. ಅಲ್ಲಿಯ ಶತ್ರು ಗೋಡೆ. ಪಡುವಣ ಗೋಡೆ ಮಧ್ಯಾಹ್ನವೆಲ್ಲ ಕುಡಿದ ಬಿಸಿಲನ್ನು ಸಂಜೆ, ಸರಿಯಾಗಿ ಆಫೀಸಿನಿಂದ ಬಂದು ಶೂ ಕಟ್ಟುವ ಹೊತ್ತಿಗೆ, ಒಳಗೆ ಬಿಡತೊಡಗುತ್ತದೆ. ತಾರಸಿಯ ಮೇಲಿನ ಒಂಟಿ ಕೋಣೆಯ ಪಾಡು ಇದಕ್ಕಿಂತ ಕಷ್ಟ. ಅದಕ್ಕೇ ಮನೆಯನ್ನು ನೋಡಬೇಕಾದ್ದು ವ್ಯಾಯಾಮ ಮಾಡುವ ಹೊತ್ತಿಗೆ. ಕಿಟಕಿ ಮುಖ್ಯರಸ್ತೆಗೆ ತೆರೆಯುತ್ತದೆಯೇ ಎಂಬುದನ್ನೂ ಆಗಲೇ ಗಮನಿಸಬೇಕು. ಸುಮ್ಮನೆ ಕೂತವರು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಂಡರೆ ಜೋರಾಗಿ ಓಡುವವರು 60 ಲೀಟರ್ ದಾಟುತ್ತಾರೆ. ಬಸ್ಸಿನ ಹೊಗೆಯೂ ಅದೇ ಪ್ರಮಾಣದಲ್ಲಿ ಒಳಗಿಳಿಯುತ್ತದೆ.

ಟೇಪು ಹೇಳುವ ಸತ್ಯ

ಟ್ರೆಡ್‌ಮಿಲ್ಲಿನ ಹಿಂದೆ ಆರಡಿಯಷ್ಟು ಖಾಲಿ ಬಿಡಿ ಎನ್ನುವುದು ತಯಾರಕರ ಸಾಮಾನ್ಯ ಸಲಹೆ. ಗಂಟೆಗೆ ಹತ್ತು ಕಿಲೋಮೀಟರ್ ವೇಗದ ಪಟ್ಟಿ ಸೆಕೆಂಡಿಗೆ ಒಂಬತ್ತಡಿ ಹಿಂದಕ್ಕೆ ಎಳೆಯುತ್ತದೆ. ಮುಗ್ಗರಿಸಿದವರು ಗೋಡೆಗೂ ಪಟ್ಟಿಗೂ ನಡುವೆ ಸಿಕ್ಕಿಕೊಂಡರೆ ಅನಾಹುತ. ಯಂತ್ರದ ಉದ್ದ ಆರಡಿ, ಹಿಂದೆ ಆರಡಿ. ಹತ್ತಡಿ ಕೋಣೆಯಲ್ಲಿ ಹನ್ನೆರಡಡಿ ಕೂರುವುದಿಲ್ಲ. ಯಂತ್ರದ ಬೆನ್ನು ತೆರೆದ ಬಾಗಿಲ ಕಡೆ ಬರುವಂತಿದ್ದರೆ ಮಾತ್ರ ಲೆಕ್ಕ ಹೊಂದುತ್ತದೆ. ಹಾಗಾಗಿ ಬಾಗಿಲು ಗೋಡೆಯ ಯಾವ ತುದಿಯಲ್ಲಿದೆ ಎಂಬುದೂ ಮುಖ್ಯ.

ಒಲಿಂಪಿಕ್ ಬಾರಿನ ಉದ್ದ 2.2 ಮೀಟರ್. ಹತ್ತಡಿ ಅಗಲದಲ್ಲಿ ಎರಡೂ ಬದಿಗೆ ಉಳಿಯುವುದು ಒಂದೂವರೆ ಅಡಿಗೂ ಕಡಿಮೆ; ತಟ್ಟೆ ಬದಲಿಸಲು ಅಡ್ಡ ನಿಲ್ಲುವುದೇ ಕಷ್ಟ. ಐದಡಿ ಎಂಟಿಂಚಿನವರು ಬಾರನ್ನು ತಲೆಯ ಮೇಲೆತ್ತಿದರೆ ದೊಡ್ಡ ತಟ್ಟೆಯ ಅಂಚು ಏಳೂವರೆ ಅಡಿ ಮುಟ್ಟುತ್ತದೆ. ಅಲಂಕಾರಕ್ಕೆಂದು ಫಾಲ್ಸ್ ಸೀಲಿಂಗ್ ಹಾಕಿ ಇಳಿಸಿದ ಫ್ಯಾನೂ ಅದೇ ಎತ್ತರದಲ್ಲಿ ತಿರುಗುತ್ತಿರುತ್ತದೆ. ದಂಡ, ಬಸ್ಕಿ, ಸೂರ್ಯನಮಸ್ಕಾರ ಮಾಡುವವರಿಗೆ ಇದ್ಯಾವುದರ ತಲೆನೋವೂ ಇಲ್ಲ. ಒಂದು ಚಾಪೆಯ ಜಾಗ ಸಾಕು. ಯಾವ ಕಸರತ್ತು ಎಂದು ಮೊದಲು ಗೊತ್ತುಮಾಡಿಕೊಂಡರೆ ಎಷ್ಟು ಜಾಗ ಬೇಕೆಂಬುದು ತಾನೇ ತಿಳಿಯುತ್ತದೆ.

ಗೋಡೆಗೆ ಪುಲ್‌ಅಪ್ ಬಾರ್ ಬಿಗಿಯುವ ಆಸೆಯಿದ್ದರೆ ಗೋಡೆಯ ಜಾತಿ ಕೇಳಬೇಕು. ಈಚಿನ ಕಟ್ಟಡಗಳಲ್ಲಿ ಬಳಸುವ ಎಎಸಿ ಬ್ಲಾಕಿನ ತುಂಬ ಗಾಳಿಗುಳ್ಳೆಗಳು. ನೀರಿಗೆ ಹಾಕಿದರೆ ತೇಲುವಷ್ಟು ಹಗುರ. ಮಾಮೂಲಿ ಬೋಲ್ಟು ಅದರಲ್ಲಿ ನಿಲ್ಲದು. ಕರೆಂಟಿನದೂ ಹಾಗೆಯೇ. ಆರು ಆಂಪಿಯರ್ ಸಾಕೆಟ್ 1,380 ವ್ಯಾಟಿಗೆ ಮುಗಿಯುತ್ತದೆ. ಟ್ರೆಡ್‌ಮಿಲ್ಲಿನ ಮೂರು ಅಶ್ವಶಕ್ತಿಯ ಮೋಟಾರಿಗೆ 2,200 ವ್ಯಾಟಿಗೂ ಹೆಚ್ಚು ಬೇಕು. ಯಂತ್ರ ಇಡುವ ಗೋಡೆಯಲ್ಲಿ ಹದಿನಾರು ಆಂಪಿಯರ್ ಪಾಯಿಂಟ್ ಇದೆಯೇ ಎಂದು ಮೊದಲೇ ನೋಡುವುದು ಒಳ್ಳೆಯದು.

ಕೊನೆಗೊಂದು ಪರೀಕ್ಷೆ, ಎಂಜಿನಿಯರುಗಳೇ ಬಳಸುವಂಥದ್ದು. ಕೋಣೆಯ ನಡುವೆ ತುದಿಗಾಲಲ್ಲಿ ನಿಂತು ಎರಡೂ ಹಿಮ್ಮಡಿಗಳನ್ನು ಧೊಪ್ಪನೆ ನೆಲಕ್ಕೆ ಬಿಡುವುದು. ನೆಲ ಎಷ್ಟು ಅದುರಿತು, ಎಷ್ಟು ಬೇಗ ಸುಮ್ಮನಾಯಿತು ಎಂಬುದನ್ನು ಮೂಲೆಯಲ್ಲಿ ನಿಂತ ಇನ್ನೊಬ್ಬರು ಅಂಗಾಲಿನಲ್ಲೇ ಗ್ರಹಿಸಬಹುದು. ಭಾನುವಾರದ ಆ ದಂಪತಿ ಇದನ್ನೂ ಮಾಡಿದರೆನ್ನಿ. ಗಂಡ ಎರಡನೇ ಸಲ ಹಿಮ್ಮಡಿ ಬಿಡುವಷ್ಟರಲ್ಲಿ ಹೆಂಡತಿ ಕಿಟಕಿಯಿಂದ ಕೆಳಗೆ ನೋಡಿ ಬ್ರೋಕರನತ್ತ ತಿರುಗುತ್ತಾಳೆ: ‘ಫಸ್ಟ್ ಫ್ಲೋರಲ್ಲಿ, ಪಾರ್ಕಿಂಗ್ ಮೇಲೆ, ಯಾವುದಾದ್ರೂ ಖಾಲಿ ಇದೆಯಾ?’